ಬರಹ ಸವೆದ ಇಂಗ್ಲಿಷ್ ಪೆನ್ನಿ ಮತ್ತು ಬಳ್ಳಾರಿಯ ಒಂದು ನಾಣ್ಯದಂಗಡಿ

ಬಳ್ಳಾರಿಯ ಬ್ರೂಸ್‌ಪೇಟೆಯ ಓಣಿಯೊಂದರಲ್ಲಿ ಹಳೆಯ ನಾಣ್ಯ, ನೋಟು, ಅಂಚೆಚೀಟಿಗಳನ್ನು ಕೊಂಡು ಮಾರುವ ಪುಟ್ಟ ಅಂಗಡಿಯಿದೆ. ಕೊಳ್ಳಲು ಬರುವವರಿಗಿಂತಲೂ ಮನೆಯಲ್ಲಿ ಸಿಕ್ಕ ನಾಣ್ಯ ಯಾವುದೆಂದು ತಿಳಿಯದೆ ಬರುವವರಿಗೆ ಈ ಅಂಗಡಿ ಹೆಚ್ಚು ಉಪಯೋಗವೆಂಬುದು ನನ್ನ ಅಭಿಪ್ರಾಯ. ಗುರುತಿಸಿ ಹೇಳುವುದಕ್ಕೆ ನೂರು ರೂಪಾಯಿ ತೆಗೆದುಕೊಳ್ಳುತ್ತಾರೆ. ನಾಣ್ಯವನ್ನು ತಮಗೇ ಮಾರಬೇಕೆಂಬ ಒತ್ತಾಯ ಮಾಡುವುದಿಲ್ಲ.

ನಾನು ಒಯ್ದದ್ದು ಅಜ್ಜಿಯ ಸಂದೂಕದಲ್ಲಿದ್ದ, ಕಂದು ಬಣ್ಣಕ್ಕೆ ತಿರುಗಿದ ದೊಡ್ಡ ಬಿಲ್ಲೆ. ಒಂದು ಬದಿಯಲ್ಲಿ ಎಡಕ್ಕೆ ಮುಖ ಮಾಡಿದ ಹೆಂಗಸಿನ ತಲೆ, ಇನ್ನೊಂದು ಬದಿಯಲ್ಲಿ ಕುಳಿತ ಆಕೃತಿ ಕಾಣುತ್ತಿದ್ದವೇ ಹೊರತು ಅಂಚಿನ ಬರಹವೂ ಕೆಳಗಿನ ಇಸವಿಯೂ ಬಹುಪಾಲು ಸವೆದುಹೋಗಿದ್ದವು. ಇದಕ್ಕೆ ಮೊದಲು ಬೇರೊಂದು ಕಡೆ ತೋರಿಸಿದಾಗ, ಅಲ್ಲಿನವರು ಅಂಗೈಯಲ್ಲಿಟ್ಟು ನೋಡಿ ‘ರಾಣಿ ಛಾಪಿನ ಅರ್ಧಾಣೆ’ ಎಂದು ತೀರ್ಮಾನಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಅಕ್ಷರ ಕಾಣುತ್ತವೆಂದು ಸಲಹೆಯನ್ನೂ ಕೊಟ್ಟಿದ್ದರು. ತಾಮ್ರದ ಬಿಂದಿಗೆಗೆ ಸರಿಹೋಗುವ ಆ ಉಪಾಯ ನಾಣ್ಯಕ್ಕೆ ಮಾರಕ. ಹುಳಿಯು ಕಾಲಾಂತರದಲ್ಲಿ ಕಟ್ಟಿದ ಕಂದು ಪದರವನ್ನು ತಿಂದುಹಾಕುತ್ತದೆ, ತಿಕ್ಕಿದಾಗ ಅಕ್ಷರಗಳ ಉಳಿದ ಅಲ್ಪಸ್ವಲ್ಪ ಉಬ್ಬೂ ಹೋಗುತ್ತದೆ, ಹಾಗೆ ಬೆಳಗಿದ ನಾಣ್ಯವನ್ನು ಸಂಗ್ರಾಹಕರು ಮುಟ್ಟುವುದೂ ಕಷ್ಟ.

ಈ ಅಂಗಡಿಯವರು ಭೂತಗನ್ನಡಿಗೆ ಕೈ ಹಾಕುವ ಮೊದಲು ನಾಣ್ಯವನ್ನು ತೂಗಿದರು, ಅಳೆದರು. ಅಗಲ 30.8 ಮಿ.ಮೀ.ಗೆ ಕೂದಲೆಳೆಯಷ್ಟು ಕಡಿಮೆ. ತೂಕ 9 ಗ್ರಾಂಗಿಂತ ತುಸು ಹೆಚ್ಚು. ಅರ್ಧಾಣೆಯ ಮಾತು ಅಲ್ಲಿಗೇ ಮುಗಿಯಿತು. ಬ್ರಿಟಿಷ್ ಇಂಡಿಯಾದ ತಾಮ್ರದ ಅರ್ಧಾಣೆಯ ಅಗಲವೂ ಹೆಚ್ಚುಕಡಿಮೆ ಇಷ್ಟೇ ಆದರೂ ಅದರ ತೂಕ ಸುಮಾರು 12.95 ಗ್ರಾಂ, ಮತ್ತು ಚಿತ್ರ ಇನ್ನೂ ಕಾಣುವ ನಾಣ್ಯವೊಂದು ಬರೀ ಸವೆತದಿಂದ ಅಷ್ಟು ತೂಕ ಕಳೆದುಕೊಳ್ಳುವುದಿಲ್ಲ. 1860ರಿಂದ ಇಂಗ್ಲೆಂಡಿನಲ್ಲಿ ಅಚ್ಚಾದ ಕಂಚಿನ ಪೆನ್ನಿಗೆ ನಿಗದಿಯಾಗಿದ್ದ ತೂಕ 9.45 ಗ್ರಾಂ, ನನ್ನ ನಾಣ್ಯ ಹೊಂದಿದ್ದು ಇದಕ್ಕೇ. ಅದಕ್ಕೂ ಹಿಂದಿನ ತಾಮ್ರದ ಪೆನ್ನಿ ಇದರ ಹತ್ತಿರಹತ್ತಿರ ಎರಡು ಪಟ್ಟು ತೂಗುತ್ತಿತ್ತು.

ಆಮೇಲಿನ ಪರೀಕ್ಷೆಯನ್ನು ಪಕ್ಕದಲ್ಲೇ ಕುಳಿತು ನೋಡಲು ನನಗೆ ಅವಕಾಶ ಕೊಟ್ಟದ್ದಕ್ಕೆ ಅವರಿಗೆ ಕೃತಜ್ಞನಾಗಿದ್ದೇನೆ. ಮೇಲಿನ ದೀಪ ಆರಿಸಿ, ಸಣ್ಣ ಟಾರ್ಚನ್ನು ಮೇಜಿನ ಮಟ್ಟಕ್ಕೆ ಇಳಿಸಿ, ಬೆಳಕು ನಾಣ್ಯದ ಮೇಲೆ ಓರೆಯಾಗಿ ಹಾಯುವಂತೆ ಹಿಡಿದು, ನಾಣ್ಯವನ್ನು ನಿಧಾನವಾಗಿ ತಿರುಗಿಸುತ್ತ ಹೋದರು. ರಾಣಿಯ ತಲೆಯ ಮೇಲೆ ಕಿರೀಟವಿರಲಿಲ್ಲ. ಹಿಂದಕ್ಕೆ ಕಟ್ಟಿದ ತುರುಬು ಮಾತ್ರ ಉಬ್ಬಿ ಕಂಡಿತು. ಇಂಡಿಯಾದ ತಾಮ್ರದ ನಾಣ್ಯಗಳಲ್ಲಿ ವಿಕ್ಟೋರಿಯಾ ಕಿರೀಟಧಾರಿಣಿ. ಎಲಿಜಬೆತ್ ರಾಣಿಯ ಪೆನ್ನಿಗಳಲ್ಲಾದರೋ ಮುಖ ಬಲಕ್ಕಿದೆ. ತುರುಬಿನ ಹಿಂದಿನ ಅಂಚಿನಲ್ಲಿ ಎರಡು ನೆರಳುಗೀಟುಗಳು ಅಕ್ಕಪಕ್ಕ ಎದ್ದು, ಲ್ಯಾಟಿನ್ ಬಿರುದಿನ ‘ಬ್ರಿಟ್’ (BRITT) ಎಂಬ ತುಂಡಿನಲ್ಲಿ ಬರುವ ಜೋಡಿ ‘ಟಿ’ಗಳಾದವು. ಇಂಡಿಯಾದ ನಾಣ್ಯದಲ್ಲಿ ರಾಣಿಯ ಬಿರುದು ಇಂಗ್ಲಿಷಿನಲ್ಲಿರುವುದರಿಂದ ಅಲ್ಲಿ ಈ ಅಕ್ಷರಗಳಿಗೆ ಎಡೆಯೇ ಇಲ್ಲ. ಹಿಂಬದಿಯಲ್ಲಿ ತ್ರಿಶೂಲ ಹಿಡಿದು ಕುಳಿತ ಬ್ರಿಟಾನಿಯಾಳ, ಅಂದರೆ ಬ್ರಿಟನ್ನಿನ ಸಂಕೇತವಾದ ಸ್ತ್ರೀಮೂರ್ತಿಯ, ಬೆನ್ನ ಹಿಂದೆ ಮೊಂಡು ಕಂಬದಂಥದ್ದೊಂದು ಕಂಡಿತು, ಅದು ಹಡಗುಗಳಿಗೆ ದಾರಿ ತೋರುವ ದೀಪಸ್ತಂಭ. 1895ರ ಪೆನ್ನಿಯಿಂದ ರಾಣಿಗೆ ಮುಸುಕು ಬಂತು, ದೀಪಸ್ತಂಭವೂ ಅದರ ಎದುರಿನ ಹಡಗೂ ಹೋದವು. ಹಾಗಾಗಿ ನನ್ನ ಕೈಯಲ್ಲಿರುವುದು 1860 ಮತ್ತು 1894ರ ನಡುವಿನ ಪೆನ್ನಿ.

ಇಸವಿಯ ಜಾಗವನ್ನು ಎಲ್ಲ ದಿಕ್ಕಿನ ಬೆಳಕಿನಲ್ಲೂ ನೋಡಿ, ಪೆನ್ಸಿಲ್ ಉಜ್ಜಿ ಕಾಗದದ ಮೇಲೆ ಅಚ್ಚು ತೆಗೆದು ಪರೀಕ್ಷಿಸಿದ ಮೇಲೆ ಅವರು, “ಇಸವಿ ಸಿಗಂಗಿಲ್ರಿ, ಊಹೆ ಮಾಡಿ ಬರಕೊಡಾಕ ಬರಂಗಿಲ್ಲ” ಎಂದರು. ಈ ಒಂದು ಮಾತಿಗಾಗಿಯೇ ನಾನು ಈ ಅಂಗಡಿಯನ್ನು ಇತರರಿಗೆ ಸೂಚಿಸುತ್ತೇನೆ. ಈ ಸಾಲಿನಲ್ಲಿ 1869ರ ಪೆನ್ನಿ ವಿರಳ. 1882ರಲ್ಲಿ ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆಯ ‘ಎಚ್’ ಗುರುತಿಲ್ಲದೆ ಬಂದದ್ದು ಇನ್ನೂ ವಿರಳ. ಆಸೆ ಹುಟ್ಟಿಸಲು ಮನಸ್ಸು ಮಾಡುವವರಿಗೆ ಅಳಿಸಿಹೋದ ಇಸವಿಗಿಂತ ಒಳ್ಳೆಯ ಅವಕಾಶ ಸಿಗದು. ಅವರಾದರೋ, ಇಸವಿಯಿಲ್ಲದ ಈ ಪೆನ್ನಿಗೆ ಮಾರುಕಟ್ಟೆಯಲ್ಲಿ ಹೇಳಿಕೊಳ್ಳುವಂಥ ಬೆಲೆಯಿಲ್ಲವೆಂದು ನೇರವಾಗಿಯೇ ತಿಳಿಸಿದರು.

ಇಲ್ಲಿ ಚಲಾವಣೆಯಲ್ಲೇ ಇಲ್ಲದ ಪೆನ್ನಿ ನಮ್ಮ ಮನೆಗೆ ಹೇಗೆ ಬಂತೆಂದು ಕೇಳಿದ್ದಕ್ಕೆ ಅವರು ಕಂಟೋನ್ಮೆಂಟಿನ ಕಡೆ ಕೈ ತೋರಿಸಿದರು. 1800ರಲ್ಲಿ ನಿಜಾಮನಿಂದ ಕಂಪನಿಗೆ ಸಂದ ಬಳ್ಳಾರಿಯಲ್ಲಿ ಬಹುಕಾಲ ಇಂಗ್ಲಿಷ್ ಪಡೆಗಳು ಬೀಡುಬಿಟ್ಟಿದ್ದುದರಿಂದ, ಸಿಪಾಯಿಯೊಬ್ಬನ ಜೇಬಿನಿಂದ ಬಂದಿರಬಹುದೆಂಬ ಅವರ ಮಾತು ನನಗೂ ಒಪ್ಪಿಗೆಯಾಯಿತು. ನಿಜಾಮನ ಆಳ್ವಿಕೆಯಲ್ಲೇ ಉಳಿದ ರಾಯಚೂರು, ಕೊಪ್ಪಳಗಳಿಂದ ತಮ್ಮಲ್ಲಿಗೆ ಹೆಚ್ಚಾಗಿ ಬರುವುದು ನಿಜಾಮನ ಹೈದರಾಬಾದ್ ಸಂಸ್ಥಾನದ ‘ಹಾಲಿ ಸಿಕ್ಕಾ’ ನಾಣ್ಯಗಳೆಂದೂ ಹೇಳಿದರು.

ಕೊರತೆಗಳನ್ನೂ ಹೇಳಬೇಕು. ಬರೆದುಕೊಡುವ ಚೀಟಿ ಇಂಗ್ಲಿಷಿನಲ್ಲಿದೆ. ನಾಣ್ಯ ತರುವ ಹಿರಿಯರಲ್ಲಿ ಅನೇಕರು ಅದನ್ನು ಓದಲಾರರು, ಆದ್ದರಿಂದ ಕನ್ನಡದಲ್ಲೇ ಕೊಡುವುದು ನ್ಯಾಯ. ಅದಕ್ಕಿಂತ ಗಂಭೀರವಾದುದು, ಇಷ್ಟು ಜತನದಿಂದ ನೋಡಿದ ನಾಣ್ಯವನ್ನು ಮೆತ್ತನೆಯ ಪಿವಿಸಿ ಲಕೋಟೆಯಲ್ಲಿ ಹಾಕಿ ಕೊಡುವುದು. ಆ ಪ್ಲಾಸ್ಟಿಕ್ಕು ವರ್ಷಗಳು ಕಳೆದಂತೆ ಜಿಗುಟು ಬಿಟ್ಟು ತಾಮ್ರ, ಕಂಚುಗಳ ಮೇಲೆ ಹಸಿರು ಕಲೆ ಕೂರಿಸುತ್ತದೆ. ಅವರು ನಾಣ್ಯಕ್ಕೆ ಹಾನಿ ಮಾಡದ ಮೈಲಾರ್ ಎಂಬ ಪ್ಲಾಸ್ಟಿಕ್ಕಿನ ಲಕೋಟೆ ತರಿಸುವವರೆಗೆ, ಹೋಗುವವರು ಆಮ್ಲರಹಿತ ಕಾಗದದ ಪೊಟ್ಟಣವನ್ನು ತಾವೇ ಒಯ್ಯುವುದು ಒಳ್ಳೆಯದು.