ಎಂಟು ಗೇರಿನ ಸೈಕಲ್ಲಿಗೆ ಬಿಡಿಭಾಗ ಹೊಂದಿಸಿದ ಆರು ವರ್ಷ: ಬಳಕೆದಾರನ ವಿಮರ್ಶೆ

ಮೈಸೂರಿನ ಕುವೆಂಪುನಗರದಿಂದ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿರುವ ಕಚೇರಿಗೆ ವಾರದಲ್ಲಿ ನಾಲ್ಕು ದಿನ, ಭಾನುವಾರ ಮನಸ್ಸಾದರೆ ಚಾಮುಂಡಿ ಬೆಟ್ಟಕ್ಕೆ, ಹೀಗೆ ಒಂದೇ ಸೈಕಲ್ಲನ್ನು ಆರು ವರ್ಷಗಳಿಂದ ಓಡಿಸುತ್ತಿದ್ದೇನೆ. ಇದುವರೆಗೆ ಸುಮಾರು 19,000 ಕಿ.ಮೀ. ಆಗಿದೆ. ಮುಂದೆ 42, 32 ಮತ್ತು 22 ಹಲ್ಲಿನ ಮೂರು ಚೈನ್‌ರಿಂಗ್ (ಪೆಡಲಿನ ಬಳಿಯ ಹಲ್ಲುಚಕ್ರಗಳು), ಹಿಂದೆ ಎಂಟು ಹಲ್ಲುಚಕ್ರಗಳ ಕ್ಯಾಸೆಟ್ ಇರುವ ಸಾಧಾರಣ ಬೆಲೆಯ ಹೈಬ್ರಿಡ್ ಇದು. ಫ್ರೇಮು, ಹ್ಯಾಂಡಲ್ ಮತ್ತು ಗೇರ್ ಶಿಫ್ಟರ್‌ಗಳನ್ನು (ಗೇರು ಬದಲಿಸುವ ಸನ್ನೆಗಳನ್ನು) ಬಿಟ್ಟರೆ ಓಟಕ್ಕೆ ಸಂಬಂಧಿಸಿದ ಬಹುತೇಕ ಭಾಗಗಳನ್ನು ಈ ಅವಧಿಯಲ್ಲಿ ಒಂದಲ್ಲ ಒಂದು ಸಲ ಬದಲಿಸಿದ್ದೇನೆ. ಹಾಗಾಗಿ ಇದು ಸೈಕಲ್ಲಿನ ವಿಮರ್ಶೆ ಅನ್ನುವುದಕ್ಕಿಂತ, ಬದಲಿ ಭಾಗಗಳು ಒಂದಕ್ಕೊಂದು ಎಷ್ಟರಮಟ್ಟಿಗೆ ಹೊಂದಿಕೊಂಡವು ಎಂಬುದರ ವರದಿ.

ಮೊದಲ ತಪ್ಪು ನನ್ನದೇ. ಕೊಂಡಾಗ ಬಂದ ಚೈನನ್ನು ಎಣ್ಣೆ ಹಾಕುತ್ತಾ 5,200 ಕಿ.ಮೀ. ತನಕ ಓಡಿಸಿದೆ. ಚೈನು ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಹೊಸ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ 12.7 ಮಿ.ಮೀ. ಅಂತರವಿರುತ್ತದೆ, ಅಂದರೆ 24 ಕೊಂಡಿಗೆ ಸರಿಯಾಗಿ 304.8 ಮಿ.ಮೀ. ಉಕ್ಕಿನ ಅಳತೆಪಟ್ಟಿ ಇಟ್ಟು ನೋಡಿದಾಗ ನನ್ನ ಚೈನಿನ 24 ಕೊಂಡಿ 307.5 ಮಿ.ಮೀ. ಇತ್ತು. ಪಿನ್ನುಗಳು ಸವೆದು ಶೇಕಡ 0.9ರಷ್ಟು ಉದ್ದವಾದ ಆ ಚೈನಿಗೆ ತಕ್ಕಂತೆ ಹಿಂದಿನ ಹಲ್ಲುಗಳೂ ಸವೆದುಕೊಂಡಿದ್ದವು. ಅದರ ಮೇಲೆ ಹೊಸ ಚೈನು ಹಾಕಿದ ದಿನ, ರಿಂಗ್ ರಸ್ತೆಯ ಏರಿನಲ್ಲಿ ಎದ್ದು ನಿಂತು ತುಳಿದ ಕೂಡಲೇ, 15 ಹಲ್ಲಿನ ಚಕ್ರದ ಮೇಲೆ ಚೈನು ಟಕ್ಕೆಂದು ಹಾರಿತು. ಮೊಣಕಾಲು ಹ್ಯಾಂಡಲ್‌ಗೆ ಬಡಿಯಿತು. ಚೈನಿನ ಮೇಲೆ ನಮೂದಿಸಿದ್ದ ಗೇರಿನ ಸಂಖ್ಯೆ ಸರಿಯಾಗಿಯೇ ಇತ್ತು. ಹೊಂದದೆ ಹೋದದ್ದು ಹೊಸ ಚೈನು ಮತ್ತು ಹಳೆಯ ಹಲ್ಲು. ಸುಲಭವಾಗಿ ತಿಳಿಯದ ಈ ಹೊಂದದಿಕೆಯ ಬಗ್ಗೆ ಯಾವ ಪೆಟ್ಟಿಗೆಯ ಮೇಲೂ ಬರೆದಿರುವುದಿಲ್ಲ.

ಕ್ಯಾಸೆಟ್ ಬದಲಿಸುವುದು ಅನಿವಾರ್ಯವಾದಾಗ, ಬೆಟ್ಟ ಹತ್ತಲು ಅನುಕೂಲವೆಂದು 11ರಿಂದ 34 ಹಲ್ಲಿನದನ್ನು ಆರಿಸಿದೆ. ಹಿಂದಿನದು 11ರಿಂದ 32ರದ್ದು. ಡಿರೇಲರ್, ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಭಾಗ, ಎಷ್ಟು ಸಡಿಲ ಚೈನನ್ನು ಎಳೆದು ಹಿಡಿಯಬಲ್ಲದು ಎಂಬುದಕ್ಕೆ ಒಂದು ಲೆಕ್ಕವಿದೆ: ಮುಂದಿನ ಅತಿ ದೊಡ್ಡ ಮತ್ತು ಅತಿ ಚಿಕ್ಕ ಚಕ್ರಗಳ ವ್ಯತ್ಯಾಸಕ್ಕೆ ಹಿಂದಿನವುಗಳ ವ್ಯತ್ಯಾಸವನ್ನು ಕೂಡಬೇಕು. ನನ್ನ ಸೈಕಲ್ಲಿಗೆ ಅದು 20 ಮತ್ತು 23 ಸೇರಿ 43 ಆಯಿತು. ಹಳೆಯ ಡಿರೇಲರಿನ ಮಿತಿಯೂ 43ಕ್ಕೇ ನಿಂತಿತ್ತು, ಆದ್ದರಿಂದ ಕಾಗದದ ಮೇಲೆ ಎಲ್ಲವೂ ಸರಿ. ಆದರೆ ಅಂಗಡಿಯವರು ಹಳೆಯ ಚೈನಿನ ಕೊಂಡಿ ಎಣಿಸಿ ಹೊಸದನ್ನು ಅಷ್ಟಕ್ಕೇ ಕತ್ತರಿಸಿದ್ದರು. ಮನೆಯಲ್ಲಿ ಹಿಂದಿನ ಚಕ್ರವನ್ನು ಎತ್ತಿ ಹಿಡಿದು, ಮುಂದೆ 42ಕ್ಕೂ ಹಿಂದೆ 34ಕ್ಕೂ ನಿಧಾನವಾಗಿ ಹಾಕಿ ನೋಡಿದೆ. ಡಿರೇಲರ್ ಮುಂದಕ್ಕೆ ಚಾಚಿ ಬಿಲ್ಲಿನ ಹೆದೆಯಂತೆ ಬಿಗಿದು ನಿಂತಿತು. ರಸ್ತೆಯಲ್ಲಿ ಆ ಗೇರಿಗೆ ಹಾಕಿದ್ದರೆ ಅದು ಕಿತ್ತು ಬರುವುದು ಖಂಡಿತವಾಗಿತ್ತು. ಚೈನಿನಲ್ಲಿ ಒಳಕೊಂಡಿ ಮತ್ತು ಹೊರಕೊಂಡಿ ಸರದಿಯಲ್ಲಿ ಬರುವುದರಿಂದ ಉದ್ದ ಹೆಚ್ಚಿಸುವುದಾದರೆ ಎರಡೆರಡಾಗಿಯೇ ಹೆಚ್ಚಿಸಬೇಕು. ಎರಡು ಕೊಂಡಿ ಸೇರಿಸಿದ ಮೇಲೆ ಸರಿಹೋಯಿತು.

ಆ ಕ್ಯಾಸೆಟ್ ಬಾಳಿಕೆಯಲ್ಲಿ ಚೆನ್ನಾಗಿತ್ತಾದರೂ ನನ್ನ ಕಾಲಿಗೆ ಒಗ್ಗಲಿಲ್ಲ. ಅದರ ಕೊನೆಯ ಎರಡು ಚಕ್ರಗಳು 26 ಮತ್ತು 34. ಏರಿನಲ್ಲಿ ಇನ್ನೊಂದು ಗೇರು ಇಳಿಸೋಣವೆಂದರೆ ತುಳಿಯುವ ವೇಗ ಒಮ್ಮೆಲೇ ಶೇಕಡ 30ರಷ್ಟು ಏರಿ, ಮೆಟ್ಟಿಲಿಲ್ಲದ ಕಡೆ ಕಾಲಿಟ್ಟಂತೆ ಆಗುತ್ತಿತ್ತು. 8,200 ಕಿ.ಮೀ. ಹೊತ್ತಿಗೆ ಅದನ್ನು ತೆಗೆದಿಟ್ಟು ಶಿಮಾನೊ ಕಂಪನಿಯ ಎಚ್‌ಜಿ41 ಕ್ಯಾಸೆಟ್ಟಿನ 11–32 ಹಾಕಿಸಿದೆ. ಇದರ ಕೊನೆಯ ಮೆಟ್ಟಿಲುಗಳು 24, 28, 32. ಮುಂದೆ 22 ಹಲ್ಲಿನ ರಿಂಗ್ ಇರುವವರಿಗೆ ಚಾಮುಂಡಿ ಬೆಟ್ಟಕ್ಕೆ 34 ಬೇಕಾಗಿಯೇ ಇಲ್ಲ ಎಂಬುದು ನನ್ನ ಅಭಿಪ್ರಾಯ. ಕೆಎಂಸಿ ಎಕ್ಸ್8 ಚೈನಿನ ಜೊತೆ ಈ ಕ್ಯಾಸೆಟ್ ಈಗ 10,800 ಕಿ.ಮೀ. ಓಡಿದೆ, ಒಮ್ಮೆಯೂ ಚೈನು ಹಾರಿಲ್ಲ. ಕಾರಣ ಬ್ರಾಂಡ್ ಒಂದೇ ಅಲ್ಲ. 24 ಕೊಂಡಿ 306.3 ಮಿ.ಮೀ. ಮುಟ್ಟಿದೊಡನೆ, ಅಂದರೆ ಶೇಕಡ ಅರ್ಧ ಸವೆದೊಡನೆ, ಚೈನನ್ನು ತೆಗೆಯುತ್ತಿದ್ದೇನೆ. ನಮ್ಮ ಧೂಳಿನಲ್ಲಿ ಅದು ಸುಮಾರು 3,000 ಕಿ.ಮೀ.ಗೆ ಬರುತ್ತದೆ.

ಇನ್ನು ಅತಿ ಹೆಚ್ಚು ತಲೆನೋವು ಕೊಟ್ಟದ್ದು ಡಿರೇಲರ್. ಎರಡು ವರ್ಷದ ಹಿಂದೆ ಕಚೇರಿಯ ಪಾರ್ಕಿಂಗಿನಲ್ಲಿ ಸೈಕಲ್ಲು ಬಲಕ್ಕೆ ಉರುಳಿ ಅದು ಬಾಗಿತು. ಒಬ್ಬ ಮಾರಾಟಗಾರರು ಮೌಂಟನ್ ಬೈಕಿನ 10-ಸ್ಪೀಡ್ (ಹತ್ತು ಗೇರಿನ) ಡಿರೇಲರನ್ನು ಕೊಟ್ಟು, ಶಿಫ್ಟರ್ ಮತ್ತು ಡಿರೇಲರ್ ಎರಡೂ ಒಂದೇ ಕಂಪನಿಯದಾದ್ದರಿಂದ ಹೊಂದುತ್ತದೆ, ಡಿರೇಲರಿಗೆ ಎಷ್ಟು ಗೇರು ಎಂಬುದೇ ಗೊತ್ತಿರುವುದಿಲ್ಲ ಎಂದು ಹೇಳಿದರು. ಆ ಮಾತಿನ ಕೊನೆಯ ಭಾಗ ಅರ್ಧ ಸತ್ಯ. ಗೇರನ್ನು ಎಣಿಸುವುದು ಶಿಫ್ಟರ್. ಡಿರೇಲರಿಗೆ ಗೊತ್ತಿರುವುದು ಕೇಬಲ್ ಎಷ್ಟು ಎಳೆದರೆ ತಾನೆಷ್ಟು ಸರಿಯಬೇಕು ಎಂಬ ಪ್ರಮಾಣ ಮಾತ್ರ. ಶಿಮಾನೊದ ಎಂಟು ಗೇರಿನ ಶಿಫ್ಟರ್ ಒಂದು ಕ್ಲಿಕ್ಕಿಗೆ ಸುಮಾರು 2.8 ಮಿ.ಮೀ. ಕೇಬಲ್ ಎಳೆಯುತ್ತದೆ, ಹಳೆಯ ಪದ್ಧತಿಯ ಡಿರೇಲರ್ ಅದನ್ನು 1.7 ಪಟ್ಟು ಮಾಡುತ್ತದೆ, ಹಾಗಾಗಿ ಎರಡು ಹಲ್ಲುಚಕ್ರಗಳ ನಡುವಿನ 4.8 ಮಿ.ಮೀ. ಅಂತರ ಸರಿಯಾಗಿ ದಾಟುತ್ತದೆ. ಮೌಂಟನ್ ಬೈಕಿನ 10-ಸ್ಪೀಡ್ ಡಿರೇಲರಿನ ಪ್ರಮಾಣ ಸುಮಾರು 1.2 ಅಷ್ಟೆ. ಒಂದು ಕ್ಲಿಕ್ಕಿಗೆ ಸಿಕ್ಕಿದ್ದು 3.4 ಮಿ.ಮೀ.; ಏಳು ಕ್ಲಿಕ್ ಮುಗಿಯುವ ಹೊತ್ತಿಗೆ ಸರಿಯಬೇಕಾದ ಜಾಗಕ್ಕಿಂತ ಹತ್ತು ಮಿ.ಮೀ. ಹಿಂದೆ, ಅಂದರೆ ಪೂರ್ತಿ ಎರಡು ಚಕ್ರ ಹಿಂದೆ. ನಾನು ಇದನ್ನು ತಿಳಿಯದೆ ಒಂದು ಭಾನುವಾರವಿಡೀ ಕೇಬಲ್ಲಿನ ಬಿಗಿತದ ತಿರುಪನ್ನು ತಿರುಗಿಸುತ್ತಾ ಕೂತಿದ್ದೆ. ಮೂರನೆಯ ಗೇರು ಸರಿ ಮಾಡಿದರೆ ಐದನೆಯದು ಕೆಡುತ್ತಿತ್ತು. ಹೀಗೆ ಒಂದು ಕಡೆ ಸರಿಹೋಗಿ ಇನ್ನೊಂದು ಕಡೆ ಕ್ರಮವಾಗಿ ಹೆಚ್ಚುತ್ತಾ ಹೋಗುವ ದೋಷ ಕಂಡರೆ ತಿರುಪನ್ನು ಬಿಟ್ಟು ಪ್ರಮಾಣವನ್ನು ಸಂಶಯಿಸಬೇಕು.

ಮಾರಾಟಗಾರರು ತೆರೆದ ಪೆಟ್ಟಿಗೆಯೆಂದು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕೊನೆಗೆ ಶಿಮಾನೊದ 9-ಸ್ಪೀಡಿನ ಆಲಿವಿಯೊ ಡಿರೇಲರ್ ಹಾಕಿದೆ. 9 ಎಂದು ಬರೆದದ್ದು 8ಕ್ಕೆ ಹೊಂದಿತು, ಏಕೆಂದರೆ ಆ ಪೀಳಿಗೆಯಲ್ಲಿ ಎರಡಕ್ಕೂ ಅದೇ 1.7ರ ಪ್ರಮಾಣ. 2023ರಲ್ಲಿ ಬಂದ ಶಿಮಾನೊದ ಕ್ಯೂಸ್ ಸರಣಿಯ 9-ಸ್ಪೀಡ್ ಡಿರೇಲರ್ ಮಾತ್ರ ಬೇರೆ ಲೆಕ್ಕದ್ದು. ಹಳೆಯ 9-ಸ್ಪೀಡ್ ಶಿಫ್ಟರಿಗೂ ಅದು ಹೊಂದುವುದಿಲ್ಲ.

ಪದಗಳ ಗೊಂದಲದಿಂದಲೂ ಒಂದು ಸಲ ಹಣ ಕಳೆದುಕೊಂಡೆ. ನಮ್ಮ ಅಂಗಡಿಗಳಲ್ಲಿ ಹಿಂದಿನ ಹಲ್ಲುಚಕ್ರಗಳ ಗೊಂಚಲಿಗೆಲ್ಲಾ ಫ್ರೀವೀಲು ಎಂದೇ ಹೆಸರು. 1921ರಲ್ಲಿ ಜಪಾನಿನ ಸಕಾಯ್ ನಗರದಲ್ಲಿ ಆರಂಭವಾದ ಶಿಮಾನೊ ಕೂಡ ಮೊದಲು ತಯಾರಿಸಿದ್ದು ಫ್ರೀವೀಲನ್ನೇ. ಆದರೆ ಫ್ರೀವೀಲು ಹಬ್ಬಿನ (ಚಕ್ರದ ನಡುಭಾಗದ) ಮೇಲೆ ತಿರುಪಿನಿಂದ ಕೂರುತ್ತದೆ, ಕ್ಯಾಸೆಟ್ ಹಬ್ಬಿನ ಗೀರುಗಳ ಮೇಲೆ ಜಾರಿ ಕೂತು ಲಾಕ್‌ರಿಂಗಿನಿಂದ ನಿಲ್ಲುತ್ತದೆ. ಅಣ್ಣನ ಮಗಳ ಏಳು ಗೇರಿನ ಸೈಕಲ್ಲಿಗೆಂದು ತಂದ ಕ್ಯಾಸೆಟ್ ಈ ಕಾರಣಕ್ಕೆ ಇನ್ನೂ ನಮ್ಮ ಮನೆಯ ಅಟ್ಟದಲ್ಲಿದೆ. ಯಾವುದು ಇದೆಯೆಂದು ತಿಳಿಯಲು ಚಕ್ರ ಬಿಚ್ಚಿ ಹಲ್ಲುಗಳನ್ನು ಹಿಮ್ಮುಖವಾಗಿ ತಿರುಗಿಸಿ ನೋಡಬೇಕು: ಪಾನಾ ಕೂರುವ ಗೀರುಗಳ ಭಾಗ ಹಲ್ಲುಗಳ ಜೊತೆಗೇ ತಿರುಗಿದರೆ ಕ್ಯಾಸೆಟ್, ಅದು ನಿಂತು ಹಲ್ಲು ಮಾತ್ರ ತಿರುಗಿದರೆ ಫ್ರೀವೀಲು. ಕ್ಯಾಸೆಟ್ಟಿನ ಲಾಕ್‌ರಿಂಗನ್ನು ಬಿಗಿಯುವಾಗ ಕೊನೆಯಲ್ಲಿ ಕರ್‌ಕರ್ ಎಂದು ಸದ್ದಾಗುತ್ತದೆ. ಮೊದಲ ಸಲ ಆ ಸದ್ದಿಗೆ ಹೆದರಿ ಬಿಟ್ಟುಬಿಟ್ಟಿದ್ದೆ. ಅದು ಎರಡು ಹಲ್ಲುಗೀರು ಮೇಲ್ಮೈಗಳು ಕಚ್ಚಿಕೊಳ್ಳುವ ಸದ್ದು, 40 ನ್ಯೂಟನ್ ಮೀಟರ್‌ವರೆಗೆ ಬಿಗಿಯಬೇಕು.

ಕ್ರ್ಯಾಂಕಿನ (ಪೆಡಲ್ ತೋಳಿನ) ಬಿಯರಿಂಗನ್ನೂ ಒಮ್ಮೆ ಬದಲಿಸಬೇಕಾಯಿತು. ಹಳೆಯದರ ಆಕ್ಸಲ್ 122.5 ಮಿ.ಮೀ. ಉದ್ದವಿತ್ತು, ಬೇರೊಂದು ಅಂಗಡಿಯವರು ದಾಸ್ತಾನಿನಲ್ಲಿದ್ದ 113ರದ್ದನ್ನು ಹಾಕಿದರು. ಬಲಬದಿ ಸುಮಾರು 5 ಮಿ.ಮೀ. ಒಳಗೆ ಸರಿದು, ಚಿಕ್ಕ ರಿಂಗಿಗೂ ಫ್ರೇಮಿಗೂ ನಡುವೆ ಪೋಸ್ಟ್‌ಕಾರ್ಡ್ ತೂರುವಷ್ಟು ಜಾಗವೂ ಉಳಿಯಲಿಲ್ಲ. ಅದನ್ನು ಅವರೇ ಬದಲಿಸಿಕೊಟ್ಟರು.

ಈಗ ಸೈಕಲ್ಲಿನಲ್ಲಿರುವುದು ಎಚ್‌ಜಿ41ರ ಮೇಲೆ ನಾಲ್ಕನೆಯ ಎಕ್ಸ್8 ಚೈನು. 17,000 ಕಿ.ಮೀ.ಗೆ ಹಾಕಿದ್ದು, ಕಳೆದ ವಾರ ಅಳೆದಾಗ 305.8 ಮಿ.ಮೀ. ಇತ್ತು. ಮುಂದಿನ 32ರ ರಿಂಗಿನ ಹಲ್ಲುಗಳು ಒಂದು ಬದಿಗೆ ವಾಲತೊಡಗಿವೆ. ಇನ್ನು ಹಾಕುವ ಹೊಸ ಚೈನು ಅದರ ಮೇಲೆ ಹಾರದೆ ನಿಂತರೆ ಸರಿ, ಇಲ್ಲವಾದರೆ ಈ ಮಳೆಗಾಲ ಮುಗಿದ ಮೇಲೆ ಅದನ್ನೂ ಬದಲಿಸುವವನಿದ್ದೇನೆ.