ಮೊರಾಕ್ಕೊ ಪ್ರವಾಸ: ಯೋಜನೆ ಹಾಕಿಕೊಟ್ಟವರ ಕೆಲಸದ ಬಗ್ಗೆ

ಮೊರಾಕ್ಕೊಗೆ ಒಂಬತ್ತು ದಿನಗಳ ಪ್ರವಾಸವನ್ನು ನಮಗೆ ರೂಪಿಸಿಕೊಟ್ಟ ಸಂಸ್ಥೆಯವರು ವೀಸಾ, ವಸತಿ, ರೈಲು ಟಿಕೆಟ್‌ಗಳನ್ನೆಲ್ಲ ಅಚ್ಚುಕಟ್ಟಾಗಿ ನಿಭಾಯಿಸಿದರು. ಆದರೆ ದಿನಚರಿ ಬರೆದವರಿಗೆ ಅಟ್ಲಾಸ್ ಪರ್ವತದ ದಾರಿಯ ಅಂದಾಜು ಇದ್ದಂತಿರಲಿಲ್ಲ. ಮರಕೇಶ್‌ನಿಂದ ಮೆರ್ಜೂಗದ ಮರಳುದಿಬ್ಬಗಳಿಗೆ ಸುಮಾರು 560 ಕಿಲೋಮೀಟರ್. 2,200 ಮೀಟರಿಗೂ ಎತ್ತರದಲ್ಲಿರುವ ಟಿಝಿ ನ್ ಟಿಶ್ಕಾ ಘಟ್ಟದ ತಿರುವುಗಳನ್ನು ದಾಟಿ ಒಂದೇ ದಿನದಲ್ಲಿ ಅಲ್ಲಿಗೆ ತಲುಪಿಸುವ ಹಟದಲ್ಲಿ, 1987ರಲ್ಲೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮಣ್ಣಿನ ಕೋಟೆಯೂರು ಐತ್ ಬೆನ್ ಹದ್ದುವಿಗೆ ಉಳಿದದ್ದು ನಲವತ್ತೇ ನಿಮಿಷ. ಮರಳುಗಾಡು ತಲುಪಿದಾಗ ಕತ್ತಲಾಗಿತ್ತು. ಸೂರ್ಯಾಸ್ತದ ಒಂಟೆ ಸವಾರಿಗೆ ಮುಂಗಡವಾಗಿ ಕಟ್ಟಿದ್ದ ಹಣ ಈವರೆಗೆ ವಾಪಸು ಬಂದಿಲ್ಲ. ಇದೇ ಮಾರ್ಗದ ಯೋಜನೆ ಹಾಕುವವರು ದಾರಿ ನಡುವಿನ ದಾದೆಸ್ ಕಣಿವೆಯಲ್ಲಿ ಒಂದು ರಾತ್ರಿ ತಂಗುವ ಏರ್ಪಾಡನ್ನು ಪಟ್ಟು ಹಿಡಿದು ಕೇಳಿ ಪಡೆಯಬೇಕು.

ಫೆಸ್ ನಗರದ ವಸತಿಯ ಆಯ್ಕೆಗೆ ಮಾತ್ರ ಪೂರ್ಣ ಅಂಕ ಕೊಡುತ್ತೇನೆ. ನಡುವೆ ತೆರೆದ ಅಂಗಳವಿಟ್ಟು ಸುತ್ತ ಕೋಣೆಗಳನ್ನು ಕಟ್ಟಿದ, ನಮ್ಮ ತೊಟ್ಟಿಮನೆಯನ್ನೇ ನೆನಪಿಸುವ ಆ ‘ರಿಯಾದ್’ ಎಂಬ ಸಾಂಪ್ರದಾಯಿಕ ಮನೆಯಲ್ಲಿ ಪುದೀನ ಚಹಾವನ್ನು ಒಂದು ಮೊಳ ಎತ್ತರದಿಂದ, ಒಂದು ಹನಿಯೂ ಚೆಲ್ಲದಂತೆ, ನೊರೆಯೇಳುವ ಹಾಗೆ ಪುಟ್ಟ ಗಾಜಿನ ಲೋಟಕ್ಕೆ ಸುರಿದು ಕೊಡುತ್ತಿದ್ದರು. ಸಸ್ಯಾಹಾರಿಗಳೆಂದು ಮೊದಲೇ ತಿಳಿಸಿದ್ದರಿಂದ ಮಣ್ಣಿನ ಪಾತ್ರೆಯಲ್ಲಿ ನಿಧಾನವಾಗಿ ಬೇಯಿಸಿದ ತರಕಾರಿ ತಾಜೀನ್ ಸಿದ್ಧವಿರುತ್ತಿತ್ತು. ಹರೀರ ಸೂಪಿನಲ್ಲಿ ಸಾಮಾನ್ಯವಾಗಿ ಮಾಂಸವಿರುತ್ತದೆಂದು ಎಚ್ಚರಿಸಿದವರೂ ಅಲ್ಲಿನ ಅಡುಗೆಯವರೇ ಹೊರತು ನಮ್ಮ ಸಂಸ್ಥೆಯವರಲ್ಲ.