ಕ್ಲಾಸಿಕ್ 350ಗೆ ಮೂರು ಸೈಲೆನ್ಸರ್: ದಾವಣಗೆರೆ–ದುರ್ಗ ರಸ್ತೆಯಲ್ಲಿ ಓಡಿಸಿ ನೋಡಿದ್ದು

ಸದ್ದು ಜಾಸ್ತಿಯಾದರೆ ಪಿಕಪ್ಪೂ ಜಾಸ್ತಿ ಅಂತ ತುಂಬಾ ಜನ ನಂಬಿದ್ದಾರೆ. ನನ್ನದು ಕಾರ್ಬುರೇಟರ್ (ಪೆಟ್ರೋಲ್, ಗಾಳಿ ಬೆರೆಸುವ ಭಾಗ) ಇರುವ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕ್. ಕಂಪನಿ ಸೈಲೆನ್ಸರ್, ಒಳಗೆ ಪೂರ್ತಿ ಖಾಲಿ ಇರುವ ಗಿಡ್ಡ ಸೈಲೆನ್ಸರ್, ಸದ್ದು ಹೀರುವ ಗ್ಲಾಸ್ ವೂಲ್ (ಗಾಜಿನ ನಾರು) ತುಂಬಿದ, ಹೊಗೆ ಸಲೀಸಾಗಿ ಹೊರಹೋಗುವ ಉದ್ದನೆಯ ಫ್ರೀ ಫ್ಲೋ, ಮೂರನ್ನೂ ಇದೇ ಗಾಡಿಗೆ ಹಾಕಿ ಓಡಿಸಿದ್ದೇನೆ. ರಸ್ತೆಯೂ ಒಂದೇ: ಪಿ.ಬಿ. ರೋಡಿನ ಟ್ರಾಫಿಕ್, ಆನಗೋಡು, ಭರಮಸಾಗರ ದಾಟಿ ಚಿತ್ರದುರ್ಗದವರೆಗೆ ಹೈವೇ, ಕೊನೆಗೆ ಜೋಗಿಮಟ್ಟಿ ಏರು.

ಗಿಡ್ಡದ್ದು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಈ ಎಂಜಿನ್ನಿನ ಬೋರ್ (ಸಿಲಿಂಡರಿನ ಅಗಲ) 70 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 90 ಮಿ.ಮೀ. ಕಂಪನಿ ಹೇಳುವ 28 ಎನ್‌ಎಂ ಟಾರ್ಕ್ (ಎಂಜಿನ್ನಿನ ತಿರುಗುವ ಬಲ) 4000 ಆರ್‌ಪಿಎಂಗೇ ಸಿಗುತ್ತದೆ. ನಿಧಾನಕ್ಕೆ ಹೋಗುವಾಗಲೂ ಗಟ್ಟಿಯಾಗಿ ಎಳೆಯುವುದೇ ಇದರ ಗುಣ. ಖಾಲಿ ಪೈಪ್ ಹಾಕಿದ ಮೇಲೆ ಅದೇ ಹೋಯಿತು. ಜೋಗಿಮಟ್ಟಿ ತಿರುವುಗಳಲ್ಲಿ ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಗಾಡಿಗೆ ಎರಡನೇ ಗೇರ್ ಬೇಕಾಯಿತು. ಆಕ್ಸಿಲರೇಟರ್ ಬಿಟ್ಟರೆ ಸಾಕು, ಪಟಾರ್ ಪಟಾರ್ ಅಂತ ಬ್ಯಾಕ್‌ಫೈರ್. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ತುದಿ ಬೆಳ್ಳಗೆ ಬಿಳಿಚಿಕೊಂಡಿತ್ತು. ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಹಾಗೇ ಓಡಿಸಿದರೆ ಎಂಜಿನ್ ವಿಪರೀತ ಕಾಯುತ್ತದೆ.

ಬ್ಯಾಕ್‌ಫೈರ್‌ಗೆಲ್ಲ ಜೆಟ್ಟೇ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಭಾಗ) ಕಾರಣ ಅಂತಲೂ ಅಲ್ಲ. ಬೆಂಡ್ ಪೈಪ್ (ಎಂಜಿನ್ನಿನಿಂದ ಸೈಲೆನ್ಸರಿಗೆ ಹೋಗುವ ಬಾಗಿದ ಕೊಳವೆ) ಎಂಜಿನ್ ಹೆಡ್ಡಿಗೆ ಸೇರುವ ಕಡೆ ಗ್ಯಾಸ್ಕೆಟ್ (ಸಂದು ಮುಚ್ಚುವ ಬಿಲ್ಲೆ) ಹಳೆಯದಾಗಿದ್ದರೆ ಅಲ್ಲಿಂದಲೂ ಗಾಳಿ ಒಳಗೆ ಹೋಗುತ್ತದೆ. ಎಂಜಿನ್ ತಣ್ಣಗಿರುವಾಗ ಸೋಪಿನ ನೀರು ಹಚ್ಚಿ ಸ್ಟಾರ್ಟ್ ಮಾಡಿ. ಗುಳ್ಳೆ ಎದ್ದರೆ ಮೊದಲು ಗ್ಯಾಸ್ಕೆಟ್ ಬದಲಿಸಿ.

ಉದ್ದನೆಯ ಫ್ರೀ ಫ್ಲೋ ಕೂಡ ಹಳೇ ಜೆಟ್ಟಿನಲ್ಲಿ ಅಷ್ಟಕ್ಕಷ್ಟೇ. ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿ, ಐಡಲ್ ಮಿಕ್ಸ್ಚರ್ ಸ್ಕ್ರೂ (ನಿಂತಲ್ಲೇ ಎಂಜಿನ್ ಓಡುವಾಗ ಪೆಟ್ರೋಲ್–ಗಾಳಿ ಹದ ಮಾಡುವ ತಿರುಪು) ಹೊಂದಿಸಿದ ಮೇಲೆ ಗಾಡಿ ಬೇರೆಯೇ ಆಯಿತು. ಇದನ್ನು ಪರೀಕ್ಷಿಸಲು ದುರ್ಗದ ಹತ್ತಿರದ ರಸ್ತೆಗಿಂತ ಒಳ್ಳೇ ಜಾಗ ಇಲ್ಲ. ಅಲ್ಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುಮ್ನೆ ನಿಂತಿಲ್ಲ ಅಲ್ವಾ? ಎದುರುಗಾಳಿಗೆ ಎಂಜಿನ್ ಮೇಲೆ ನಿಜವಾದ ಭಾರ ಬೀಳುತ್ತದೆ. ಹಿಂದೆ ಯಾರೂ ಇಲ್ಲದಾಗ ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಸ್ವಲ್ಪ ಹೊತ್ತು ಹಾಗೇ ಹಿಡಿದೆ. ಕ್ಲಚ್ ಒತ್ತಿ, ಎಂಜಿನ್ ಆಫ್ ಮಾಡಿ, ಪಕ್ಕಕ್ಕೆ ನಿಲ್ಲಿಸಿ ಪ್ಲಗ್ ತೆಗೆದೆ. ಅದರ ತುದಿಯ ಪಿಂಗಾಣಿ ತಿಳಿ ಕಂದು. ಬೇಕಾಗಿದ್ದು ಅದೇ. ಕಪ್ಪು ಮಸಿ ಕಟ್ಟಿದ್ದರೆ ಜೆಟ್ ದೊಡ್ಡದಾಯಿತು ಅಂತ ಅರ್ಥ. ಆಗ ಮೈಲೇಜೂ ಬೀಳುತ್ತದೆ, ಎಮಿಷನ್ ಟೆಸ್ಟ್‌ನಲ್ಲಿ ಕಾರ್ಬನ್ ಮೊನಾಕ್ಸೈಡೂ ಏರುತ್ತದೆ.

ಊರೊಳಗೆ ಮಾತ್ರ ಓಡಿಸುವವರಿಗೆ ಕಂಪನಿ ಸೈಲೆನ್ಸರೇ ಸಾಕು. ಮೂರರಲ್ಲಿ ಮೈಲೇಜ್ ಅದರದ್ದೇ ಚೆನ್ನ, ಸಣ್ಣ ಸ್ಪೀಡಿನಲ್ಲಿ ಎಳೆತವೂ ಅದರದ್ದೇ. ಫ್ರೀ ಫ್ಲೋ ಮೇಲುಗೈ ಹೈವೇಯಲ್ಲಿ ಮಾತ್ರ, ಅದೂ ಸ್ವಲ್ಪವೇ. ಮೋಟಾರು ವಾಹನ ಕಾಯ್ದೆಯ 190(2)ನೇ ಕಲಂ ಪ್ರಕಾರ ಸದ್ದು ಮಿತಿ ಮೀರಿದರೆ 10,000 ರೂಪಾಯಿವರೆಗೂ ದಂಡ ಇದೆ. ಗಿಡ್ಡದ್ದು ಹಾಕಿಕೊಂಡು ಆಸ್ಪತ್ರೆ ಮುಂದೆ ಹಾದು ಹೋಗುವುದಂತೂ ನನಗೆ ಸರಿ ಕಾಣುವುದಿಲ್ಲ.

ಬಿಎಸ್6 (ಹೊಗೆ ಮಿತಿಯ ಹೊಸ ನಿಯಮದ) ಗಾಡಿಗೆ ಜೆಟ್ ಇರುವುದಿಲ್ಲ. ಆಕ್ಸಿಜನ್ ಸೆನ್ಸರ್ ಹದವಾದ ಓಟದಲ್ಲಿ ಪೆಟ್ರೋಲ್ ಸರಿಹೊಂದಿಸುತ್ತದೆ. ಆಕ್ಸಿಲರೇಟರ್ ಪೂರ್ತಿ ಕೊಟ್ಟಾಗ ಇಸಿಯು (ಎಂಜಿನ್ನಿನ ಕಂಪ್ಯೂಟರ್) ತನ್ನಲ್ಲಿರುವ ಮ್ಯಾಪ್ (ಯಾವಾಗ ಎಷ್ಟು ಪೆಟ್ರೋಲ್ ಅನ್ನುವ ಪಟ್ಟಿ) ಪ್ರಕಾರವೇ ನಡೆಯುತ್ತದೆ. ಅಲ್ಲಿ ಮ್ಯಾಪ್ ಬದಲಿಸದೆ ಸೈಲೆನ್ಸರ್ ಬದಲಿಸಬೇಡಿ.

ಫ್ರೀ ಫ್ಲೋ ಕೊಳ್ಳುವಾಗ ಹಿಂದಿನ ಮುಚ್ಚಳ ಬೋಲ್ಟ್ ಬಿಚ್ಚಿ ತೆಗೆಯುವಂತಿದೆಯಾ ನೋಡಿ. ಗ್ಲಾಸ್ ವೂಲ್ ಸುಟ್ಟು ಖಾಲಿಯಾಗುತ್ತಾ ಬಂದ ಹಾಗೆ ಸದ್ದು ಏರುತ್ತದೆ. ವೆಲ್ಡ್ ಮಾಡಿದ ಮುಚ್ಚಳವಾದರೆ ಮತ್ತೆ ತುಂಬಿಸಲು ಪೈಪನ್ನೇ ಕತ್ತರಿಸಬೇಕಾಗುತ್ತದೆ.